ಫ್ರೆಂಚ್ ಸುಧಾರಿಸಲು ವಿದೇಶಕ್ಕೆ: ಯಾವ ದಾರಿ, ಯಾವ ಊರು, ಯಾರ ಮನೆ

ಒಂದು ಸೆಮಿಸ್ಟರನ್ನು ಫ್ರಾನ್ಸಿನಲ್ಲಿ ಕಳೆದು, ಹೋಗುವಾಗ ಇದ್ದಷ್ಟೇ ಫ್ರೆಂಚಿನೊಂದಿಗೆ ಮರಳಿದ ವಿದ್ಯಾರ್ಥಿಗಳನ್ನು ನಾನು ಕಂಡಿದ್ದೇನೆ. ಅವರು ಸೋಮಾರಿಗಳಾಗಿರಲಿಲ್ಲ. ಬೆಳಿಗ್ಗೆ ತರಗತಿಯಲ್ಲಿ ಕುಳಿತು ಫ್ರೆಂಚ್ ಕೇಳಿದರು, ಮಧ್ಯಾಹ್ನ ಬೇರೆ ದೇಶಗಳಿಂದ ಬಂದ ಗೆಳೆಯರೊಡನೆ ಇಂಗ್ಲಿಷಿನಲ್ಲಿ ಮಾತನಾಡುತ್ತ ಊಟ ಮಾಡಿದರು, ರಾತ್ರಿ ಮೊಬೈಲಿನಲ್ಲಿ ಮನೆಯವರೊಡನೆ ತಾಯ್ನುಡಿಯಲ್ಲಿ ಹರಟಿದರು. ದಿನವಿಡೀ ಅವರ ಬಾಯಿಂದ ಹೊರಟ ಫ್ರೆಂಚನ್ನು ಒಟ್ಟುಗೂಡಿಸಿದರೆ ಅರ್ಧ ಗಂಟೆಯೂ ಆಗುತ್ತಿರಲಿಲ್ಲ.

ಬಾರ್ಬರಾ ಫ್ರೀಡ್, ನಾರ್ಮನ್ ಸೆಗಲೋವಿಟ್ಸ್ ಮತ್ತು ಡ್ಯಾನ್ ಡ್ಯೂಯಿ ಎಂಬ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನೇ ಹೇಳುತ್ತದೆ. ಫ್ರೆಂಚ್ ಕಲಿಯುತ್ತಿದ್ದ 28 ವಿದ್ಯಾರ್ಥಿಗಳಲ್ಲಿ ಒಂದು ಗುಂಪು ತಮ್ಮದೇ ವಿಶ್ವವಿದ್ಯಾಲಯದ ಮಾಮೂಲಿ ತರಗತಿಯಲ್ಲಿತ್ತು, ಇನ್ನೊಂದು ವಿದೇಶದಲ್ಲಿತ್ತು, ಮೂರನೆಯದು ಸ್ವದೇಶದಲ್ಲೇ ಫ್ರೆಂಚ್ ಬಿಟ್ಟು ಬೇರೆ ಮಾತನಾಡುವಂತಿಲ್ಲದ ಬೇಸಿಗೆ ಶಿಬಿರದಲ್ಲಿತ್ತು. ಮಾತಿನ ಸರಾಗತೆಯಲ್ಲಿ ಹೆಚ್ಚು ಮುಂದೆ ಹೋದದ್ದು ಮೂರನೆಯ ಗುಂಪು. ವಿದೇಶಕ್ಕೆ ಹೋದವರು ತರಗತಿಯ ಹೊರಗೆ ಫ್ರೆಂಚಿಗಿಂತ ಇಂಗ್ಲಿಷನ್ನೇ ಹೆಚ್ಚು ಬಳಸಿದ್ದಾಗಿ ತಾವೇ ಹೇಳಿಕೊಂಡಿದ್ದರು. ಗುಂಪುಗಳು ಚಿಕ್ಕವು, ನಿಜ. ಆದರೆ ನಾನು ಕಣ್ಣಾರೆ ಕಂಡದ್ದಕ್ಕೆ ಇದು ಚೆನ್ನಾಗಿ ಹೊಂದುತ್ತದೆ.

ಹಾಗಾಗಿ ಮುಂದಿನ ಆಯ್ಕೆಗಳನ್ನೆಲ್ಲ ನಾನು ಒಂದೇ ಪ್ರಶ್ನೆಯಿಂದ ಅಳೆಯುತ್ತೇನೆ: ಅಲ್ಲಿ ಸಂಜೆ ಆರು ಗಂಟೆಯ ನಂತರ ನೀವು ಯಾರೊಡನೆ, ಯಾವ ಭಾಷೆಯಲ್ಲಿ ಮಾತನಾಡುತ್ತಿರುತ್ತೀರಿ? ವಿಶ್ವವಿದ್ಯಾಲಯದ ಹೆಸರು, ಊರಿನ ಸೊಬಗು ಇವೆಲ್ಲ ಆ ಪ್ರಶ್ನೆಯ ನಂತರ ಬರಲಿ.

ಮೊದಲು ನಿಮ್ಮ ಮಟ್ಟ

ಕೌನ್ಸಿಲ್ ಆಫ್ ಯುರೋಪ್ 2001ರಲ್ಲಿ ಹೊರತಂದ ಚೌಕಟ್ಟು ಭಾಷೆಯ ಕಲಿಕೆಯನ್ನು ಆರಂಭದ ಎ1ರಿಂದ ಪರಿಣತಿಯ ಸಿ2ವರೆಗೆ ಆರು ಮೆಟ್ಟಿಲುಗಳಾಗಿ (ಎ1, ಎ2, ಬಿ1, ಬಿ2, ಸಿ1, ಸಿ2) ವಿಂಗಡಿಸಿದೆ. ನೀವು ಯಾವ ಮೆಟ್ಟಿಲಿನಲ್ಲಿದ್ದೀರಿ ಎಂಬುದು ಅರ್ಧ ನಿರ್ಧಾರವನ್ನು ತಾನೇ ಮಾಡಿಬಿಡುತ್ತದೆ.

ಎ1 ಮಟ್ಟದಲ್ಲಿರುವವರಿಗೆ ನನ್ನ ಸಲಹೆ, ಇನ್ನೂ ಹೊರಡಬೇಡಿ. ಕ್ರಿಯಾಪದಗಳ ರೂಪ, ನಾಮಪದಗಳ ಲಿಂಗ, ಅಂಕಿಗಳು ಎಲ್ಲಿ ಕುಳಿತರೂ ಕಲಿಯಬಹುದಾದವು. ಅವನ್ನು ಕಲಿಯಲು ಪರದೇಶದ ಬಾಡಿಗೆ ತೆರಬೇಕಿಲ್ಲ. ಎ2 ಇದ್ದರೆ ವಿದೇಶಿಯರಿಗೆ ಫ್ರೆಂಚ್ ಕಲಿಸುವ ಭಾಷಾ ಕೇಂದ್ರ ಸರಿ. ಬಿ1 ಅತ್ಯಂತ ಫಲವತ್ತಾದ ಹಂತ: ಬೀದಿಯ ಮಾತು ಅರೆಬರೆ ಅರ್ಥವಾಗುತ್ತದೆ, ಉಳಿದರ್ಧವನ್ನು ಹಿಡಿಯುವ ಹಸಿವು ಇರುತ್ತದೆ, ಪ್ರತಿ ದಿನವೂ ಏನಾದರೊಂದು ಹೊಸದಾಗಿ ತೆರೆದುಕೊಳ್ಳುತ್ತದೆ. ಬಿ2 ತಲುಪಿದವರು ಭಾಷೆಯ ತರಗತಿಗಳನ್ನು ಬಿಟ್ಟು ಅಲ್ಲಿನ ವಿದ್ಯಾರ್ಥಿಗಳ ನಡುವೆ ಅವರದೇ ಪಾಠಗಳಿಗೆ ಕೂರಬೇಕು.

ಒಂದು ಎಚ್ಚರಿಕೆ ಎಲ್ಲ ಮಟ್ಟದವರಿಗೂ ಅನ್ವಯಿಸುತ್ತದೆ. ಪುಸ್ತಕದ ಫ್ರೆಂಚಿಗೂ ಬಾಯಿಮಾತಿನ ಫ್ರೆಂಚಿಗೂ ಇರುವ ದೂರ, ಬರೆಯುವ ಕನ್ನಡಕ್ಕೂ ಆಡುವ ಕನ್ನಡಕ್ಕೂ ಇರುವ ದೂರದಂತೆಯೇ ದೊಡ್ಡದು. ‘ನನಗೆ ಗೊತ್ತಿಲ್ಲ’ ಎನ್ನಲು ಪಾಠದಲ್ಲಿ ‘ಜ ನ ಸೆ ಪಾ’ ಎಂದು ಕಲಿತಿರುತ್ತೀರಿ, ಅಲ್ಲಿ ಕಿವಿಗೆ ಬೀಳುವುದು ‘ಶೆ ಪಾ’. ನಿಷೇಧದ ‘ನ’ ಮಾಯವಾಗಿರುತ್ತದೆ, ‘ನಾವು’ ಎಂಬ ‘ನೂ’ ಇರಬೇಕಾದ ಜಾಗದಲ್ಲಿ ‘ಓಂ’ ಬಂದು ಕುಳಿತಿರುತ್ತದೆ. ಮೊದಲ ಮೂರು ವಾರ ಏನೂ ಅರ್ಥವಾಗದಿದ್ದರೆ ನೀವು ಕಲಿತದ್ದು ಸುಳ್ಳೆಂದಲ್ಲ, ನಿಮ್ಮ ಕಿವಿ ಎರಡನೆಯ ಫ್ರೆಂಚನ್ನು ಈಗಷ್ಟೇ ಭೇಟಿಯಾಗಿದೆ.

ಭಾಷಾ ಕೇಂದ್ರವೋ, ವಿನಿಮಯ ವಿದ್ಯಾರ್ಥಿಯಾಗಿಯೋ

ಹೆಚ್ಚಿನವರ ಗೊಂದಲ ಇರುವುದು ಇಲ್ಲಿ. ನಾನು ಎರಡನ್ನೂ ಬೇರೆ ಬೇರೆ ವರ್ಷಗಳಲ್ಲಿ ಅನುಭವಿಸಿದ್ದೇನೆ.

ವಿದೇಶಿಯರಿಗೆ ಫ್ರೆಂಚ್ ಕಲಿಸುವುದರಲ್ಲಿ ಫ್ರಾನ್ಸಿಗೆ ದೀರ್ಘ ಪರಂಪರೆ ಇದೆ. ಗ್ರೆನೋಬ್ಲ್‌ನ ವಿಶ್ವವಿದ್ಯಾಲಯದಲ್ಲಿ ಈ ಕೆಲಸ 1896ರಷ್ಟು ಹಿಂದೆಯೇ ಶುರುವಾಯಿತು. ತೂರ್ ನಗರದ ಸಂಸ್ಥೆ 1912ರದ್ದು, ಪ್ಯಾರಿಸಿನ ಸೊರ್ಬೋನಿನ ಫ್ರೆಂಚ್ ನಾಗರಿಕತೆಯ ಕೋರ್ಸುಗಳು 1919ರವು, ಬೆಸಾನ್ಸೋಂ ನಗರದ ಭಾಷಾ ಕೇಂದ್ರ 1958ರದ್ದು, ವಿಶಿ ನಗರದ ಕಾವಿಲಾಮ್ ಕೇಂದ್ರ 1964ರದ್ದು. ಇಂಥಲ್ಲಿ ಬಂದ ಕೂಡಲೇ ಪರೀಕ್ಷೆ ನಡೆಸಿ ನಿಮ್ಮ ಮಟ್ಟದ ಗುಂಪಿಗೆ ಸೇರಿಸುತ್ತಾರೆ. ಶಿಕ್ಷಕರು ನಿಮ್ಮ ಬಾಯಿಂದ ಮಾತು ಹೊರಡಿಸುತ್ತಾರೆ, ತಪ್ಪನ್ನು ತಿದ್ದುತ್ತಾರೆ. ಊರಿನ ಜನ ತಿದ್ದುವುದಿಲ್ಲ. ಅರ್ಥವಾದರೆ ಸಾಕೆಂದು ಸೌಜನ್ಯದಿಂದ ಮುಂದೆ ಹೋಗುತ್ತಾರೆ. ತಿದ್ದುವವರಿರುವುದೇ ಭಾಷಾ ಕೇಂದ್ರದ ದೊಡ್ಡ ಬಲ.

ಅದರ ಕೊರತೆಯೂ ಅಷ್ಟೇ ದೊಡ್ಡದು. ಸಹಪಾಠಿಗಳೆಲ್ಲ ವಿದೇಶಿಯರು, ನಿಮ್ಮಷ್ಟೇ ಫ್ರೆಂಚ್ ಬಲ್ಲವರು. ಒಬ್ಬರ ತಪ್ಪು ಇನ್ನೊಬ್ಬರಿಗೆ ಅಂಟುತ್ತದೆ. ತರಗತಿ ಮುಗಿದು ಬಾಗಿಲು ದಾಟುತ್ತಿದ್ದಂತೆ ಎಲ್ಲರಿಗೂ ಸುಲಭವಾದ ಇಂಗ್ಲಿಷಿಗೆ ಗುಂಪು ಜಾರುತ್ತದೆ. ಹೀಗಾಗಿ ಭಾಷಾ ಕೇಂದ್ರವನ್ನು ಆರಿಸುವುದಾದರೆ ಮನೆಯೊಂದರಲ್ಲಿ ಕುಟುಂಬದ ಜೊತೆ ಇರುವ ವ್ಯವಸ್ಥೆ ಸೇರಿಯೇ ಆರಿಸಿ. ಎರಡರಲ್ಲಿ ಒಂದನ್ನು ಮಾತ್ರ ಕೊಡುವ ಕೇಂದ್ರವನ್ನು ನಾನು ಪಟ್ಟಿಯಿಂದ ತೆಗೆದುಹಾಕುತ್ತೇನೆ. ಫ್ರಾನ್ಸಿನಲ್ಲಿ ಇಂಥ ಕೇಂದ್ರಗಳನ್ನು ಪರಿಶೀಲಿಸಿ ಕೊಡುವ ‘ಕಾಲಿತೇ ಎಫ್‌ಎಲ್‌ಇ’ ಎಂಬ ಗುಣಮಟ್ಟದ ಮುದ್ರೆ ಇದೆ. ಹೆಸರು ಕೇಳದ ಕೇಂದ್ರವಾದರೆ ಹಣ ಕಟ್ಟುವ ಮುನ್ನ ಅದನ್ನು ನೋಡಿ.

ವಿನಿಮಯ ಕಾರ್ಯಕ್ರಮದ ಲೆಕ್ಕ ಬೇರೆ. ಎರಡು ವಿಶ್ವವಿದ್ಯಾಲಯಗಳ ನಡುವಿನ ಒಪ್ಪಂದದಂತೆ ನೀವು ಸಾಮಾನ್ಯವಾಗಿ ನಿಮ್ಮ ವಿಶ್ವವಿದ್ಯಾಲಯಕ್ಕೆ ಮಾತ್ರ ಶುಲ್ಕ ಕಟ್ಟುತ್ತೀರಿ. ಫ್ರಾನ್ಸಿನಲ್ಲಿ ಇತರ ವಿದ್ಯಾರ್ಥಿಗಳು ಪ್ರತಿವರ್ಷ ಕೊಡಬೇಕಾದ ಕ್ಯಾಂಪಸ್ ಜೀವನದ ವಂತಿಗೆಯಿಂದಲೂ ವಿನಿಮಯದವರಿಗೆ ವಿನಾಯಿತಿ ಇದೆ. ಸೆಮಿಸ್ಟರಿಗೆ 30 ಕ್ರೆಡಿಟ್‌ಗಳ ಪಾಠ ಆರಿಸಿಕೊಳ್ಳುತ್ತೀರಿ. ಆ ಆಯ್ಕೆಯಲ್ಲೇ ಗುಟ್ಟಿದೆ.

ಅಲ್ಲಿ ಪಾಠಗಳು ಮುಖ್ಯವಾಗಿ ಎರಡು ಬಗೆ. ‘ಕೂರ್ ಮಜಿಸ್ತ್ರಾಲ್’ ಎಂದರೆ ನೂರಾರು ಜನ ಕುಳಿತ ಸಭಾಂಗಣದಲ್ಲಿ ಪ್ರಾಧ್ಯಾಪಕರೊಬ್ಬರು ಎರಡು ಗಂಟೆ ಮಾತನಾಡುವುದು. ಅಲ್ಲಿ ನೀವು ಇದ್ದೀರೋ ಇಲ್ಲವೋ ಯಾರಿಗೂ ತಿಳಿಯದು. ‘ತ್ರಾವೋ ದಿರಿಜೆ’ ಚಿಕ್ಕ ಗುಂಪಿನ ತರಗತಿ. ಅಲ್ಲಿ ಹೆಸರು ಹಿಡಿದು ಕರೆಯುತ್ತಾರೆ, ಇನ್ನೊಬ್ಬರ ಜೊತೆ ಸೇರಿ ಪ್ರಬಂಧ ಮಂಡಿಸಲು ಹೇಳುತ್ತಾರೆ. ಭಯವಾಗುತ್ತದೆ. ಆದರೂ ಅದನ್ನೇ ಹೆಚ್ಚು ತೆಗೆದುಕೊಳ್ಳಿ. ಜೊತೆಗಾರರೊಡನೆ ವಾರಗಟ್ಟಲೆ ಮಂಡನೆ ಸಿದ್ಧಪಡಿಸುವಾಗ ಆಡುವ ಮಾತು, ವಾದ, ಒಪ್ಪಂದ ಇವುಗಳನ್ನು ಯಾವ ಭಾಷಾ ಕೇಂದ್ರವೂ ಕೃತಕವಾಗಿ ಸೃಷ್ಟಿಸಲಾರದು.

ನನ್ನ ವಿನಿಮಯದ ಸೆಮಿಸ್ಟರಿನಲ್ಲಿ ಇತಿಹಾಸದ ಉಪನ್ಯಾಸವೊಂದು ತಲೆಗೆ ಹತ್ತುತ್ತಲೇ ಇರಲಿಲ್ಲ. ನಾಮಪದಗಳು ಸಿಗುತ್ತಿದ್ದವು, ಕ್ರಿಯಾಪದಗಳು ಕೈತಪ್ಪುತ್ತಿದ್ದವು. ಮೂರನೆಯ ವಾರ ಪಕ್ಕದಲ್ಲಿದ್ದ ಹುಡುಗಿಯ ಬಳಿ ಟಿಪ್ಪಣಿ ಕೇಳಿದೆ. ಆಕೆ ಕೊಟ್ಟಳು. ಮರುವಾರ ಅದನ್ನು ಹಿಂದಿರುಗಿಸುವಾಗ ನನಗೆ ಅರ್ಥವಾದದ್ದನ್ನು ನನ್ನ ಮುರುಕು ಫ್ರೆಂಚಿನಲ್ಲಿ ಹೇಳಿ ತೋರಿಸಿದೆ, ಆಕೆ ತಿದ್ದಿದಳು. ಅಂದಿನಿಂದ ಪ್ರತಿ ಗುರುವಾರ ಒಂದು ಗಂಟೆ ಹೀಗೇ ನಡೆಯಿತು. ನನ್ನ ಫ್ರೆಂಚ್ ನಿಜಕ್ಕೂ ಬದಲಾದದ್ದು ಆ ಗುರುವಾರಗಳಲ್ಲಿ. ಟಿಪ್ಪಣಿ ಕೇಳುವುದು ನಾಚಿಕೆಯ ಕೆಲಸವಲ್ಲ, ಸ್ನೇಹಕ್ಕೆ ಅದು ಅತ್ಯಂತ ಸಹಜವಾದ ಬಾಗಿಲು.

ವಿನಿಮಯದಲ್ಲಿ ಒಂದು ಗುಂಡಿಯೂ ಇದೆ. ಎಷ್ಟೋ ಸಂಸ್ಥೆಗಳು, ವಿಶೇಷವಾಗಿ ವಾಣಿಜ್ಯ ಮತ್ತು ಆಡಳಿತ ಕಲಿಸುವವು, ವಿನಿಮಯದವರಿಗೆ ಪೂರ್ತಿ ಇಂಗ್ಲಿಷ್ ಮಾಧ್ಯಮದ ಪಾಠಗಳನ್ನು ನೀಡುತ್ತವೆ. ಅಂಕಗಳ ಭಯದಿಂದ ಅವನ್ನೇ ಆರಿಸಿಕೊಂಡರೆ ಊರು ಫ್ರೆಂಚಿನದು, ಬದುಕು ಇಂಗ್ಲಿಷಿನದು ಆಗಿಬಿಡುತ್ತದೆ. ಅಂಕಗಳ ಬಗ್ಗೆ ಇನ್ನೊಂದು ಮಾತು: ಫ್ರಾನ್ಸಿನಲ್ಲಿ 20ಕ್ಕೆ ಅಂಕ ಕೊಡುತ್ತಾರೆ, 10 ಬಂದರೆ ತೇರ್ಗಡೆ, 14 ಬಂದರೆ ‘ಚೆನ್ನಾಗಿದೆ’, 16 ಬಂದರೆ ‘ಬಹಳ ಚೆನ್ನಾಗಿದೆ’. 12 ಬಂದಿತೆಂದು ಅಳುವ ಮುನ್ನ ಇದು ನೆನಪಿರಲಿ. ನಿಮ್ಮ ವಿಶ್ವವಿದ್ಯಾಲಯ ಈ ಅಂಕಗಳನ್ನು ಹೇಗೆ ಪರಿವರ್ತಿಸುತ್ತದೆ ಎಂಬುದನ್ನು ಹೊರಡುವ ಮುನ್ನವೇ ಬರಹದಲ್ಲಿ ಪಡೆದುಕೊಳ್ಳಿ.

ಉಳಿದ ದಾರಿಗಳನ್ನು ಬೇಗ ನೋಡಿಬಿಡೋಣ. ಪೂರ್ಣ ಪದವಿಗೆ ಸೇರುವುದು ದೊಡ್ಡ ನಿರ್ಧಾರ. ಯುರೋಪಿಯನ್ ಒಕ್ಕೂಟದ ಹೊರಗಿನವರಿಗೆ ಫ್ರಾನ್ಸಿನ ಸರಕಾರಿ ವಿಶ್ವವಿದ್ಯಾಲಯಗಳ ವಾರ್ಷಿಕ ಶುಲ್ಕವನ್ನು 2019ರಲ್ಲಿ ಪದವಿಗೆ 2,770 ಯೂರೋ, ಸ್ನಾತಕೋತ್ತರಕ್ಕೆ 3,770 ಯೂರೋ ಎಂದು ನಿಗದಿಪಡಿಸಲಾಯಿತು. ಅಲ್ಲಿಂದೀಚೆಗೆ ಅದು ಸ್ವಲ್ಪ ಏರಿದೆ, ವಿನಾಯಿತಿ ಕೊಡುವ ವಿಶ್ವವಿದ್ಯಾಲಯಗಳೂ ಇವೆ. ಫ್ರೆಂಚ್ ಮಾಧ್ಯಮದ ಪದವಿಗೆ ಸಾಮಾನ್ಯವಾಗಿ ಬಿ2 ಕೇಳುತ್ತಾರೆ. ವಿಷಯದ ಮೇಲೆ ಪ್ರೀತಿ ಇದ್ದರೆ ಹೋಗಿ, ಬರೀ ಭಾಷೆಗಾಗಿ ಮೂರು ವರ್ಷ ಒತ್ತೆಯಿಡಬೇಡಿ. ಫ್ರಾನ್ಸಿನ ಶಾಲೆಗಳಲ್ಲಿ ವಾರಕ್ಕೆ 12 ಗಂಟೆ ನಿಮ್ಮ ಭಾಷೆಯನ್ನೋ ಇಂಗ್ಲಿಷನ್ನೋ ಕಲಿಸುವ ಸಹಾಯಕರ ಕೆಲಸವೂ ಕೆಲವು ದೇಶಗಳವರಿಗೆ ಸಿಗುತ್ತದೆ. ಸಂಬಳ ಬರುತ್ತದೆ, ಶಿಕ್ಷಕರ ಕೋಣೆಯ ಮಾತು ದಿನವೂ ಕಿವಿಗೆ ಬೀಳುತ್ತದೆ. ಕುಟುಂಬದಲ್ಲಿದ್ದು ಮಕ್ಕಳನ್ನು ನೋಡಿಕೊಳ್ಳುವ ‘ಓ ಪೇರ್’ ವ್ಯವಸ್ಥೆಯಲ್ಲಿ ಕೆಲಸ ವಾರಕ್ಕೆ 25 ಗಂಟೆ ಮೀರುವಂತಿಲ್ಲ. ನಾಲ್ಕು ವರ್ಷದ ಮಗು ನಿಮ್ಮ ತಪ್ಪನ್ನು ಯಾವ ಮುಲಾಜೂ ಇಲ್ಲದೆ ತಿದ್ದುತ್ತದೆ, ಆ ದೃಷ್ಟಿಯಿಂದ ಇದು ಭಾಷಾ ಕೇಂದ್ರವನ್ನೂ ಮೀರಿಸುತ್ತದೆ. ಆದರೆ ಓದಿಗೆ ಕ್ರೆಡಿಟ್ ಸಿಗದು, ಕುಟುಂಬ ಸರಿಯಿಲ್ಲದಿದ್ದರೆ ಸಂಕಟ. ಒಪ್ಪಂದವನ್ನು ಸಾಲು ಸಾಲಾಗಿ ಓದಿಯೇ ಸಹಿ ಹಾಕಿ.

ಯಾವ ನಾಡಿನ ಫ್ರೆಂಚ್

ಪ್ಯಾರಿಸ್ ಎಂದರೆ ಎಲ್ಲರಿಗೂ ಕನಸು. ಗ್ರಂಥಾಲಯ, ರಂಗಭೂಮಿ, ಸಂಗ್ರಹಾಲಯಗಳ ದೃಷ್ಟಿಯಿಂದ ಅದಕ್ಕೆ ಸಾಟಿಯಿಲ್ಲ. ಭಾಷೆ ಸುಧಾರಿಸಲು ಹೊರಟ ಬಿ1 ವಿದ್ಯಾರ್ಥಿಗೆ ಮಾತ್ರ ನಾನು ಅದನ್ನು ಮೊದಲ ಆಯ್ಕೆಯಾಗಿ ಹೇಳಲಾರೆ. ನೀವು ತಡವರಿಸಿದ ಕೂಡಲೇ ಎದುರಿನವರು ಇಂಗ್ಲಿಷಿಗೆ ತಿರುಗುತ್ತಾರೆ, ಬಾಡಿಗೆ ಇಡೀ ದೇಶದಲ್ಲೇ ಹೆಚ್ಚು, ಎಲ್ಲರಿಗೂ ಅವಸರ. ಪ್ವಾತಿಯೇ, ಆಂಜೇ, ಬೆಸಾನ್ಸೋಂ, ತೂರ್, ಕ್ಲೆರ್ಮೋಂ-ಫೆರಾಂ ಇಂಥ ಮಧ್ಯಮ ಗಾತ್ರದ ಊರುಗಳಲ್ಲಿ ಅದೇ ರೊಟ್ಟಿಯಂಗಡಿಗೆ ನಾಲ್ಕನೆಯ ಬಾರಿ ಹೋದಾಗ ನಿಮ್ಮನ್ನು ಗುರುತಿಸುತ್ತಾರೆ, ಐದನೆಯ ಬಾರಿ ಮಾತಿಗೆಳೆಯುತ್ತಾರೆ. ಪ್ವಾತಿಯೇ ವಿಶ್ವವಿದ್ಯಾಲಯ 1431ರಲ್ಲಿ ಸ್ಥಾಪನೆಯಾದದ್ದು. ಊರು ಚಿಕ್ಕದೆಂದ ಮಾತ್ರಕ್ಕೆ ವಿದ್ಯೆ ಚಿಕ್ಕದಲ್ಲ. ತೂರ್ ಪ್ರದೇಶದಲ್ಲಿ ‘ಅತಿ ಶುದ್ಧ’ ಫ್ರೆಂಚ್ ಆಡುತ್ತಾರೆಂಬ ಹಳೆಯ ಮಾತನ್ನು ಕೇಳಿ ಆರಿಸಬೇಡಿ. ಸುಲಭದ ಬಾಡಿಗೆ, ಬಿಡುವಿರುವ ಜನ, ಇವೇ ಆ ಊರನ್ನು ಆರಿಸಲು ತಕ್ಕ ಕಾರಣಗಳು.

ಕೆನಡಾದ ಫ್ರೆಂಚ್ ಭಾಷಿಕ ಪ್ರಾಂತ್ಯವಾದ ಕ್ವಿಬೆಕ್ ಬಗ್ಗೆ ಅನೇಕರಿಗೆ ಹಿಂಜರಿಕೆ, ಅಲ್ಲಿನ ಉಚ್ಚಾರ ‘ಕೆಡಿಸುತ್ತದೆ’ ಎಂದು. ಈ ಭಯಕ್ಕೆ ಆಧಾರವಿಲ್ಲ. ಅಲ್ಲಿ ‘ಇ’, ‘ಯು’ ಸ್ವರಗಳ ಮುಂದೆ ‘ತ’ ಎಂಬುದು ‘ತ್ಸ’ ಆಗುತ್ತದೆ, ‘ದ’ ಎಂಬುದು ‘ದ್ಜ’ ಆಗುತ್ತದೆ. ಎರಡು ತಿಂಗಳಲ್ಲಿ ಕಿವಿ ಒಗ್ಗುತ್ತದೆ. ಆ ಕಿವಿಗೆ ನಂತರ ಫ್ರಾನ್ಸಿನ ಫ್ರೆಂಚ್ ಸುಲಭವೆನಿಸುತ್ತದೆ. ತಮ್ಮ ಭಾಷೆಯನ್ನು ಉಳಿಸಿಕೊಳ್ಳಲು ಜಾಗೃತರಾಗಿರುವ ಜನ ಅವರು. 1977ರ ಫ್ರೆಂಚ್ ಭಾಷಾ ಸನದು ಅದಕ್ಕೆ ಕಾನೂನಿನ ಬೆನ್ನೆಲುಬು. ಅಂಗಡಿಗಳಲ್ಲಿ ‘ಬೋಂಜೂರ್-ಹಾಯ್’ ಎಂದು ಎರಡು ಭಾಷೆಯಲ್ಲಿ ಸ್ವಾಗತಿಸುವ ಬದಲು ‘ಬೋಂಜೂರ್’ ಎಂದಷ್ಟೇ ಹೇಳಿರೆಂದು 2017ರಲ್ಲಿ ಅಲ್ಲಿನ ಶಾಸನಸಭೆ ಒಮ್ಮತದ ನಿರ್ಣಯ ಮಾಡಿತು. ಅಂಥ ನಿರ್ಣಯ ಬೇಕಾಯಿತೆಂಬುದೇ ಮಾಂಟ್ರಿಯಲ್‌ನಲ್ಲಿ ಇಂಗ್ಲಿಷ್ ಎಷ್ಟು ಹತ್ತಿರದಲ್ಲಿದೆ ಎನ್ನುವುದಕ್ಕೆ ಸಾಕ್ಷಿ. ಆದ್ದರಿಂದ ಭಾಷೆಯೇ ಗುರಿಯಾದರೆ ಕ್ವಿಬೆಕ್ ನಗರದ ಲಾವಾಲ್ ವಿಶ್ವವಿದ್ಯಾಲಯವನ್ನು ಅಥವಾ ಶೆರ್‌ಬ್ರೂಕ್ ನಗರದ ವಿಶ್ವವಿದ್ಯಾಲಯವನ್ನು ನಾನು ಮಾಂಟ್ರಿಯಲ್‌ಗಿಂತ ಮೇಲಿಡುತ್ತೇನೆ. ಇನ್ನೊಂದು ಅನುಕೂಲ: ಅಪರಿಚಿತರನ್ನೂ ಅಲ್ಲಿ ಬೇಗ ‘ತು’ ಎಂದು ಏಕವಚನದಲ್ಲಿ ಕರೆಯುತ್ತಾರೆ, ಮಾತಿನ ಬಿಗಿ ಸಡಿಲವಾಗುತ್ತದೆ. ಫ್ರಾನ್ಸಿನಲ್ಲಿ ಪ್ರಾಧ್ಯಾಪಕರಿಗೆ ‘ವು’ ಎಂಬ ಬಹುವಚನವೇ ಸಲ್ಲಬೇಕು. ನೀನು-ನೀವು ಅರಿತ ಕನ್ನಡಿಗರಿಗೆ ಇದನ್ನು ವಿವರಿಸಬೇಕಿಲ್ಲ.

ಬೆಲ್ಜಿಯಂನಲ್ಲಿ ನನಗೆ ಬಹಳ ಮೆಚ್ಚುಗೆಯಾದದ್ದು ಲೂವೆಂ-ಲಾ-ನೇವ್. ಭಾಷಾ ವಿವಾದದಿಂದಾಗಿ ಲ್ಯೂವೆನ್‌ನ ಕ್ಯಾಥೊಲಿಕ್ ವಿಶ್ವವಿದ್ಯಾಲಯ ಒಡೆದಾಗ, ಫ್ರೆಂಚ್ ಭಾಗಕ್ಕಾಗಿ 1970ರ ದಶಕದಲ್ಲಿ ಹೊಸದಾಗಿ ಕಟ್ಟಿದ ಊರು ಅದು. ಅಲ್ಲಿ ವಿದ್ಯಾರ್ಥಿಗಳ ಕೋಣೆಗೆ ‘ಕೊಟ್’ ಎನ್ನುತ್ತಾರೆ. ಅಲ್ಲಿನ ವಿಶೇಷ ‘ಕೊಟ್-ಆ-ಪ್ರೊಜೆ’: ನಾಟಕ, ಪರಿಸರ, ಅಡುಗೆ, ಹೀಗೆ ಯಾವುದೋ ಒಂದು ಕೆಲಸವನ್ನು ಕೈಗೆತ್ತಿಕೊಂಡ ವಿದ್ಯಾರ್ಥಿಗಳು ಒಂದೇ ಮನೆಯಲ್ಲಿ ಕೂಡಿ ಬಾಳುವುದು. ಸಂಜೆ ಆರರ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ. ಕೊರತೆ ಎಂದರೆ, ವಾರಾಂತ್ಯದಲ್ಲಿ ಸ್ಥಳೀಯರು ಪೆಟ್ಟಿಗೆ ಹಿಡಿದು ತಮ್ಮ ಮನೆಗಳಿಗೆ ಹೋಗುತ್ತಾರೆ, ಊರು ಬರಿದಾಗುತ್ತದೆ. ಬ್ರಸೆಲ್ಸ್ ಕಾನೂನಿನಂತೆ ಫ್ರೆಂಚ್-ಡಚ್ ದ್ವಿಭಾಷಾ ನಗರ, ಜೊತೆಗೆ ಇಂಗ್ಲಿಷಿನ ಸದ್ದೂ ಜೋರು. ಲಿಯೇಜ್ ಅದಕ್ಕಿಂತ ಫ್ರೆಂಚ್‌ಮಯ.

ಸ್ವಿಟ್ಜರ್ಲೆಂಡಿನ ಲೊಸಾನ್, ಜಿನೀವಾ, ನ್ಯೂಶಾತೆಲ್‌ಗಳಲ್ಲಿ ಮಾತಿನ ಗತಿ ಪ್ಯಾರಿಸಿಗಿಂತ ನಿಧಾನವೆನಿಸುತ್ತದೆ, ಕಲಿಯುವವರ ಕಿವಿಗೆ ಹಿತ. ಖರ್ಚು ಮಾತ್ರ ಬಹಳ. ವಿದ್ಯಾರ್ಥಿವೇತನ ಕೈಯಲ್ಲಿದ್ದರಷ್ಟೇ ಯೋಚಿಸಿ. ಜಿನೀವಾ ಅಂತರರಾಷ್ಟ್ರೀಯ ಸಂಸ್ಥೆಗಳ ನಗರವಾದ್ದರಿಂದ ಅಲ್ಲೂ ಇಂಗ್ಲಿಷ್ ಕಾಡುತ್ತದೆ. ಎಪ್ಪತ್ತು, ತೊಂಬತ್ತಕ್ಕೆ ಇಲ್ಲಿಯೂ ಬೆಲ್ಜಿಯಂನಲ್ಲಿಯೂ ‘ಸೆಪ್ತಾಂತ್’, ‘ನೊನಾಂತ್’ ಎನ್ನುತ್ತಾರೆ. ‘ಅರವತ್ತು-ಹತ್ತು’, ‘ನಾಲ್ಕು-ಇಪ್ಪತ್ತು-ಹತ್ತು’ ಎಂಬ ಫ್ರಾನ್ಸಿನ ಲೆಕ್ಕದಿಂದ ಬಳಲಿದವರಿಗೆ ಇದು ಸಮಾಧಾನ. ಊಟಕ್ಕೆ ಕರೆದರೆ ಮಾತ್ರ ಹೊತ್ತು ಕೇಳಿಕೊಳ್ಳಿ. ‘ದಿನೇ’ ಎಂದರೆ ಪ್ಯಾರಿಸಿನಲ್ಲಿ ರಾತ್ರಿಯೂಟ, ಕ್ವಿಬೆಕ್, ಲಿಯೇಜ್, ಲೊಸಾನ್‌ಗಳಲ್ಲಿ ಮಧ್ಯಾಹ್ನದ್ದು.

ಪಶ್ಚಿಮ ಆಫ್ರಿಕಾದ ಸೆನೆಗಲ್‌ನ ಹೆಸರು ಇಂಥ ಪಟ್ಟಿಗಳಲ್ಲಿ ಕಾಣದೇ ಇರುವುದು ನನಗೆ ಬೇಸರದ ಸಂಗತಿ. ಅದರ ರಾಜಧಾನಿ ಡಾಕಾರ್‌ನ ಶೇಖ್ ಆಂತಾ ದಿಯೋಪ್ ವಿಶ್ವವಿದ್ಯಾಲಯ 1957ರದ್ದು. ವಿದೇಶಿ ವಿದ್ಯಾರ್ಥಿಗಳಿಗೆ ಫ್ರೆಂಚ್ ಕಲಿಸುವ ಪ್ರತ್ಯೇಕ ಸಂಸ್ಥೆಯೇ ಅಲ್ಲಿದೆ. ದೇಶದ ಮೊದಲ ಅಧ್ಯಕ್ಷ ಸೆಂಗೋರ್ ಸ್ವತಃ ಫ್ರೆಂಚ್ ಕವಿ, 1983ರಲ್ಲಿ ಫ್ರೆಂಚ್ ಅಕಾಡೆಮಿಗೆ ಆಯ್ಕೆಯಾದವರು. ತರಗತಿ, ಕಚೇರಿ, ಪತ್ರಿಕೆಗಳಲ್ಲಿ ಫ್ರೆಂಚ್, ಬೀದಿಯಲ್ಲಿ ವೊಲೊಫ್ ಎಂಬ ಸ್ಥಳೀಯ ಭಾಷೆ. ಅಂದರೆ ಬೀದಿ ತಾನಾಗಿ ಕಲಿಸುವುದಿಲ್ಲ, ಫ್ರೆಂಚ್ ಆಡುವ ಕುಟುಂಬದಲ್ಲಿ ವಸತಿ ಹುಡುಕಿಕೊಳ್ಳಬೇಕು. ಆದರೆ ನೀವು ತಡವರಿಸಿದಾಗ ಇಂಗ್ಲಿಷಿಗೆ ತಿರುಗುವವರು ಅಲ್ಲಿ ಕಡಿಮೆ, ಕುಶಲ ವಿಚಾರಿಸದೆ ಮುಂದೆ ಹೋಗುವವರು ಇನ್ನೂ ಕಡಿಮೆ. ಆಫ್ರಿಕಾದ ಇತಿಹಾಸ, ಅಭಿವೃದ್ಧಿ ಅಧ್ಯಯನ, ಸಾರ್ವಜನಿಕ ಆರೋಗ್ಯ ಓದುವವರಿಗೆ ನಾನು ಫ್ರಾನ್ಸಿಗಿಂತ ಮೊದಲು ಡಾಕಾರನ್ನು ಸೂಚಿಸುತ್ತೇನೆ.

ಯಾರ ಜೊತೆ ವಾಸ

ನನ್ನ ಅನುಭವದಲ್ಲಿ ದೇಶದ ಆಯ್ಕೆಗಿಂತ ಇದು ಮುಖ್ಯ. ಸರಕಾರಿ ವಿದ್ಯಾರ್ಥಿನಿಲಯದ ಒಂಟಿ ಕೋಣೆ ಅಗ್ಗ. ಅಲ್ಲಿ ದಿನಗಟ್ಟಲೆ ಯಾರೊಡನೆಯೂ ಮಾತನಾಡದೆ ಇರಲೂ ಸಾಧ್ಯ. ಕುಟುಂಬದ ಜೊತೆಗಿನ ವಾಸ ಕೆಲವರಿಗೆ ವರ, ಆದರೆ ಕೋಣೆಯನ್ನು ಬಾಡಿಗೆಗೆ ಕೊಟ್ಟು ಊಟದ ತಟ್ಟೆಯನ್ನು ಒಬ್ಬರಿಗೇ ಇಟ್ಟುಹೋಗುವ ಮನೆಗಳೂ ಇವೆ. ಅಂಥ ಮನೆಯಲ್ಲಿ ನಾನು ಆರು ವಾರ ಇದ್ದೆ. ಗೋಡೆಯಾಚೆ ದೂರದರ್ಶನದಲ್ಲಿ ಕೇಳಿದ ಫ್ರೆಂಚೇ ಹೆಚ್ಚು. ಒಪ್ಪುವ ಮುನ್ನ ‘ವಾರಕ್ಕೆ ಎಷ್ಟು ರಾತ್ರಿ ಎಲ್ಲರೂ ಕೂಡಿ ಊಟ ಮಾಡುತ್ತೀರಿ?’ ಎಂದು ನೇರವಾಗಿ ಕೇಳಿ. ಬಿ1 ದಾಟಿದವರಿಗೆ ಸ್ಥಳೀಯ ವಿದ್ಯಾರ್ಥಿಗಳೊಡನೆ ಮನೆ ಹಂಚಿಕೊಳ್ಳುವ ‘ಕೊಲೊಕಾಸಿಯೋಂ’ ಎಲ್ಲಕ್ಕಿಂತ ಉತ್ತಮ. ಪಾತ್ರೆ ತೊಳೆಯುವ ಸರದಿ, ವಿದ್ಯುತ್ ಬಿಲ್ಲು, ಅತಿಥಿಗಳ ಗದ್ದಲ, ಎಲ್ಲವನ್ನೂ ಫ್ರೆಂಚಿನಲ್ಲೇ ಬಗೆಹರಿಸಬೇಕು. ಫ್ರಾನ್ಸಿನಲ್ಲಿ ಮನೆಯೊಡೆಯರು ಜಾಮೀನುದಾರರನ್ನು ಕೇಳುತ್ತಾರೆ. ಅಲ್ಲಿ ಯಾರೂ ಪರಿಚಯವಿಲ್ಲದವರಿಗೆ ‘ವಿಸಾಲ್’ ಎಂಬ ಉಚಿತ ಜಾಮೀನು ವ್ಯವಸ್ಥೆ ಇದೆ, ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲೇ ಅರ್ಜಿ ಹಾಕಿ.

ವಾಸ ಎಲ್ಲೇ ಇರಲಿ, ಫ್ರಾನ್ಸಿನಲ್ಲಿ ಸೆಪ್ಟೆಂಬರ್ ಮೊದಲ ವಾರಗಳಲ್ಲಿ ಊರೂರಿನಲ್ಲೂ ಸಂಘಗಳ ಮೇಳ ನಡೆಯುತ್ತದೆ. ಗಾಯನ ವೃಂದ, ಚಾರಣ, ಚದುರಂಗ, ನಾಟಕ, ಯಾವುದಾದರೂ ಒಂದಕ್ಕೆ ಅಂದೇ ಹೆಸರು ಬರೆಸಿ. ಸೇರುವ ಸಂಘದಲ್ಲಿ ವಿದೇಶಿಯರು ನೀವೊಬ್ಬರೇ ಆಗಿದ್ದರೆ ಇನ್ನೂ ಒಳ್ಳೆಯದು.

ಎಷ್ಟು ಕಾಲ, ಯಾವ ಕಾಗದ

ಒಂದು ತಿಂಗಳ ಬೇಸಿಗೆ ಕೋರ್ಸು ಧೈರ್ಯ ಕೊಡುತ್ತದೆ, ಭಾಷೆಯನ್ನಲ್ಲ. ನನ್ನಲ್ಲೂ ನಾನು ಕಂಡ ಇತರರಲ್ಲೂ ಮೊದಲ ಎರಡು ತಿಂಗಳು ದಣಿವಿನಲ್ಲಿ ಕಳೆದವು. ನಾಲಿಗೆ ಸಡಿಲವಾದದ್ದು ಮೂರನೆಯ ತಿಂಗಳ ನಂತರ. ನಾಲ್ಕು ತಿಂಗಳ ಸೆಮಿಸ್ಟರಿನಲ್ಲಿ ಫಲ ಕೈಗೆ ಬರುವಷ್ಟರಲ್ಲಿ ಗಂಟುಮೂಟೆ ಕಟ್ಟುವ ಹೊತ್ತಾಗುತ್ತದೆ. ಹಣವೂ ಪದವಿಯ ನಿಯಮವೂ ಅವಕಾಶ ಕೊಟ್ಟರೆ ಒಂದು ವರ್ಷ ಹೋಗಿ.

ಕೆನಡಾದಲ್ಲಿ ಆರು ತಿಂಗಳೊಳಗಿನ ಓದಿಗೆ ವಿದ್ಯಾರ್ಥಿ ಪರವಾನಗಿ ಬೇಕಿಲ್ಲ. ಅದನ್ನು ಮೀರಿದರೆ ಕ್ವಿಬೆಕ್ ಸರಕಾರದ ಸ್ವೀಕೃತಿ ಪತ್ರವೂ ಬೇಕು. ಫ್ರಾನ್ಸಿನ ದೀರ್ಘಾವಧಿಯ ವಿದ್ಯಾರ್ಥಿ ವೀಸಾವನ್ನು ಬಂದ ಮೂರು ತಿಂಗಳೊಳಗೆ ಆನ್‌ಲೈನಿನಲ್ಲಿ ಮಾನ್ಯಗೊಳಿಸಿಕೊಳ್ಳಬೇಕು. ಆ ವೀಸಾದಲ್ಲಿ ವರ್ಷಕ್ಕೆ 964 ಗಂಟೆ ದುಡಿಯಲು ಅನುಮತಿ ಇದೆ. ವಾರಕ್ಕೆ ಎಂಟು ಹತ್ತು ಗಂಟೆ ಹೋಟೆಲಿನಲ್ಲಿ ಬಡಿಸುವ ಕೆಲಸ ಸಿಕ್ಕರೂ ಬಿಡಬೇಡಿ, ಗಿರಾಕಿಗಳ ಮಾತು ಒಳ್ಳೆಯ ಪಾಠ.

ಪ್ರಮಾಣಪತ್ರ ಬೇಕಾದರೆ, ಡೆಲ್ಫ್ ಮತ್ತು ಡಾಲ್ಫ್ ಎಂಬ ಫ್ರೆಂಚ್ ಪರೀಕ್ಷೆಗಳದ್ದು ಜೀವನವಿಡೀ ಮಾನ್ಯ, ಟಿಸಿಎಫ್ ಎಂಬ ಪರೀಕ್ಷೆಯದ್ದು ಎರಡು ವರ್ಷ ಮಾತ್ರ. ಹೊರಡುವ ಮುನ್ನ ಪ್ರವೇಶಕ್ಕಾಗಿ ಟಿಸಿಎಫ್ ಸಾಕೆಂದರೆ ಅದನ್ನೇ ಬರೆಯಿರಿ. ಡೆಲ್ಫ್ ಬಿ2 ಅಥವಾ ಡಾಲ್ಫ್ ಸಿ1 ಪರೀಕ್ಷೆಯನ್ನು ವಾಸದ ಕೊನೆಯ ವಾರಗಳಿಗೆ, ನಾಲಿಗೆ ಹರಿತವಾಗಿರುವಾಗಲೇ, ಅಲ್ಲಿಯೇ ಬರೆಯುವಂತೆ ಇಟ್ಟುಕೊಳ್ಳಿ. ಕೇಂದ್ರಗಳಲ್ಲಿ ಜಾಗ ಬೇಗ ತುಂಬುತ್ತದೆ, ಬಂದ ಮೊದಲ ತಿಂಗಳಲ್ಲೇ ಹೆಸರು ನೋಂದಾಯಿಸಿ.

ಇನ್ನೂ ತೀರ್ಮಾನವಾಗದಿದ್ದರೆ, ಎರಡು ಮೂರು ಸಂಸ್ಥೆಗಳ ವಿದೇಶಿ ವಿದ್ಯಾರ್ಥಿಗಳ ಕಚೇರಿಗೆ ಫ್ರೆಂಚಿನಲ್ಲೇ ಒಂದು ಪತ್ರ ಬರೆಯಿರಿ. ನಾನು ಓದಲಿರುವ ವಿಭಾಗದಲ್ಲಿ ಫ್ರೆಂಚ್ ಮಾಧ್ಯಮದ ಎಷ್ಟು ಪಾಠಗಳು ವಿನಿಮಯದವರಿಗೆ ತೆರೆದಿವೆ? ಸ್ಥಳೀಯ ವಿದ್ಯಾರ್ಥಿಯೊಬ್ಬರನ್ನು ಜೊತೆಗಾರರಾಗಿ ಕೊಡುತ್ತೀರಾ? ಕಳೆದ ವರ್ಷ ನಿಮ್ಮಲ್ಲಿಗೆ ಬಂದ ಒಬ್ಬರೊಡನೆ ಮಾತನಾಡಿಸುತ್ತೀರಾ? ಆ ಒಬ್ಬರು ಮಾತಿಗೆ ಸಿಕ್ಕರೆ, ವಿಶ್ವವಿದ್ಯಾಲಯದ ಬಗ್ಗೆ ಕೇಳುವ ಮೊದಲು ಅವರ ಮಂಗಳವಾರದ ಸಂಜೆಗಳು ಹೇಗಿದ್ದವು ಎಂದು ಕೇಳಿ.